ತಮ್ಮನ ನಂಬರಿಗೆ ಹೋದ ಎರಡು ಸಂದೇಶ

ನನ್ನ ಫೋನ್ ನಂಬರು ಇವತ್ತಿಗೂ ನನಗೆ ಬಾಯಿಗೆ ಬರುವುದಿಲ್ಲ. ಗ್ಯಾಸಿಗೆ, ರೇಷನ್ ಕಾರ್ಡಿಗೆ, ಬ್ಯಾಂಕಿಗೆ, ಎಲ್ಲದಕ್ಕೂ ತಮ್ಮನ ನಂಬರನ್ನೇ ಕೊಟ್ಟು ರೂಢಿ. ಚೌಳಹಿರಿಯೂರಿನಲ್ಲಿ ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಮೆಸೇಜು ಬಂದರೆ ಆ ಕಡೆಯಿಂದಲೇ, "ಅಕ್ಕಾ, ನಿನ್ ಸಿಲಿಂಡ್ರು ನಾಳೆ ಬತ್ತದಂತೆ ಕಣೇ" ಎಂದು ಕೂಗುತ್ತಿದ್ದ. ನಾನು ಬ್ಲೌಸು ಹೊಲಿಯುತ್ತೇನೆ; ಅವನು ಅಜ್ಜಂಪುರದಲ್ಲಿ ಬೋರ್‌ವೆಲ್ ಮೋಟರು ರಿಪೇರಿ ಮಾಡುತ್ತಿದ್ದ.

ಯಗಟಿ ರಸ್ತೆಯಲ್ಲಿ ಯಾವುದೋ ಗಾಡಿ ಅವನ ಬೈಕಿಗೆ ಗುದ್ದಿ, ನಿಲ್ಲದೆ ಹೋಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರಿರಲಿಲ್ಲ. ಠಾಣೆಯ ಬೆಂಚಿನ ಮೇಲೆ ಕೂತು ದೂರು ಬರೆದವಳು ನಾನೇ, ಮನೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳೆಂಬ ಕರ್ಮಕ್ಕೆ. ಕೊನೆಯಲ್ಲಿ ಹೆಸರು, ವಿಳಾಸ, ಫೋನ್ ನಂಬರು. ಕೈ ತಾನಾಗಿ ತಮ್ಮನ ನಂಬರು ಬರೆಯಿತು. ಆಗ ನನಗದು ತಿಳಿಯಲೂ ಇಲ್ಲ. ರಸ್ತೆಯಲ್ಲಿ ಬಿದ್ದಿದ್ದ ಅವನ ಫೋನನ್ನು ಪೊಲೀಸರು ಅಷ್ಟರಲ್ಲಿ ಕವರಿಗೆ ಹಾಕಿ, ಮೊಹರು ಒತ್ತಿ, ಹಿಂದಿನ ಕೋಣೆಯ ಕಪಾಟಿನಲ್ಲಿಟ್ಟಿದ್ದರು.

ಠಾಣೆಯ ಬರವಣಿಗೆ ನೋಡುವ ರೈಟರ್ ಒಳ್ಳೆಯ ಮನುಷ್ಯ. ಎಫ್‌ಐಆರ್ ಪ್ರತಿ ಕೈಗಿಟ್ಟು ಹೇಳಿದ: "ಮೊದ್ಲಿನಂಗೆ ಠಾಣೆಗೆ ಅಲೆಯಂಗಿಲ್ಲ ಕಣಕ್ಕ. ಹೊಸ ಕಾನೂನು ಬಂದೈತೆ. ಕೇಸು ಎಲ್ಲಿಗ್ಬಂತು ಅಂತ ತೊಂಬತ್ತು ದಿನದೊಳಗೆ ನಾವೇ ಫೋನಿಗೆ ತಿಳಿಸ್ತೀವಿ."

ಆತ ಸುಳ್ಳು ಹೇಳಲಿಲ್ಲ. ಕಾನೂನಿನಲ್ಲಿ ಹಾಗೇ ಇದೆ. ಆ ಕಾನೂನು ಇಲ್ಲದಿದ್ದರೆ ಪ್ರತಿ ಸೋಮವಾರ ಹೋಗಿ ಅದೇ ಬೆಂಚಿನ ಮೇಲೆ ಕೂತು ಅವರ ತಲೆ ತಿನ್ನುತ್ತಿದ್ದೆ. ನನ್ನ ಬಾಯಿಗೆ ರೇಷನ್ ಅಂಗಡಿಯವನೇ ಹೆದರುತ್ತಾನೆ. ಕಾನೂನೊಂದು ನನಗಾಗಿ ಕೆಲಸ ಮಾಡುತ್ತಿದೆಯೆಂದು ನಂಬಿ, ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡಿದ್ದೆ.

ತಿಂಗಳಾದ ಮೇಲೆ ಯಗಟಿಯಲ್ಲಿ ಕುರಿ ಮೇಯಿಸುವ ಅಜ್ಜನೊಬ್ಬ ಸಿಕ್ಕಿದ. ಅವತ್ತು ಎಲ್ಲವನ್ನೂ ಕಣ್ಣಾರೆ ಕಂಡವನು. "ಹಸಿರು ಟಾರ್ಪಾಲಿನ ಗೂಡ್ಸ್ ಗಾಡಿ ಕಣವ್ವ. ಅದ್ನ ತರೀಕೆರೆ ಸಂತೇಲೂ ನೋಡಿವ್ನಿ. ಓಡ್ಸೋನ್ ಮಖ ಗೊತ್ತು. ಪೊಲೀಸ್ನೋರು ಕರುದ್ರೆ ಬಂದು ತೋರುಸ್ತೀನಿ" ಎಂದ. ಅಂದೇ ಠಾಣೆಗೆ ಹೋದೆ. ಸಾಹೇಬರು ಬಂದೋಬಸ್ತಿಗೆ ಹೋಗಿದ್ದರು. "ಅವ್ರು ಬಂದ್ಮೇಲೆ ಮೆಸೇಜ್ ಹಾಕ್ತೀವಿ, ಅಜ್ಜನ್ನ ಕರ್ಕೊಂಡು ಬನ್ನಿ" ಎಂದು ರೈಟರ್ ಚೀಟಿಯಲ್ಲಿ ಗುರುತು ಹಾಕಿಕೊಂಡ.

ತಮ್ಮನ ಹೆಂಡತಿ ದಿನಾ ಕೇಳುತ್ತಿದ್ದಳು, "ಯಾರು ಅಂತ ಗೊತ್ತಾದ್ರೆ ಸಾಕು ಅಕ್ಕ. ಮೆಸೇಜು ಬಂತಾ?"

"ಬತ್ತದೆ ಕಣೇ. ಕಾನೂನೈತೆ" ಎನ್ನುತ್ತಿದ್ದೆ. ಎಷ್ಟು ಗತ್ತಿನಿಂದ ಹೇಳುತ್ತಿದ್ದೆನೆಂದು ನೆನೆದರೆ ಈಗ ನಾಚಿಕೆಯಾಗುತ್ತದೆ.

ತೊಂಬತ್ತು ದಿನ ಕಳೆಯಿತು. ಅವರಿಗೂ ನೂರೆಂಟು ಕೆಲಸ ಎಂದು ಇನ್ನೂ ಎರಡು ತಿಂಗಳು ಸುಮ್ಮನಿದ್ದೆ. ಅಷ್ಟರಲ್ಲಿ ಅಜ್ಜನಿಗೆ ಲಕ್ವ ಹೊಡೆಯಿತೆಂದು ಸುದ್ದಿ ಬಂತು. ಯಗಟಿಗೆ ಓಡಿದೆ. ನನ್ನ ಗುರುತು ಹಿಡಿದ. ತುಟಿ ಆಡಿಸಿದ. ಮಾತು ಹೊರಡಲಿಲ್ಲ. ಹಾಸಿಗೆಯಿಂದ ಏಳುವ ಹಾಗೂ ಇರಲಿಲ್ಲ.

ಮರುದಿನ ಬೆಳಿಗ್ಗೆಯೇ ಠಾಣೆಗೆ ಹೋಗಿ ಗಂಟಲು ಹರಿಯುವಂತೆ ಕೂಗಾಡಿದೆ. ರೈಟರ್ ನನ್ನನ್ನು ಕೂರಿಸಿ, ಠಾಣೆಯ ಮೊಬೈಲಿನಲ್ಲಿ ವಾಟ್ಸಾಪ್ ತೆಗೆದು ಮುಂದೆ ಹಿಡಿದ. "ನಿಮಗೆ ಎರಡ್ಸಲ ಕಳಿಸೀವಲ್ಲಕ್ಕ, ನೋಡಿ."

ಮೊದಲನೆಯದು: ತನಿಖೆ ನಡೆಯುತ್ತಿದೆ, ಸಾಕ್ಷಿಯನ್ನು ಕರೆತನ್ನಿ. ಎರಡನೆಯದು: ವಾಹನ ಪತ್ತೆಯಾಗದ ಕಾರಣ ಅಂತಿಮ ವರದಿ ಸಲ್ಲಿಸಲಾಗಿದೆ, ತಕರಾರಿದ್ದರೆ ನ್ಯಾಯಾಲಯಕ್ಕೆ ಹಾಜರಾಗಿ. ಎರಡರ ಪಕ್ಕದಲ್ಲೂ ಒಂದೊಂದೇ ಟಿಕ್ಕು, ಹೋಗಿದೆ ಆದರೆ ತಲುಪಿಲ್ಲ ಎಂಬ ಗುರುತು. ಮೇಲೆ ಪುಟ್ಟ ಫೋಟೋ: ಬಿಚ್ಚಿದ ಮೋಟರಿನ ಮುಂದೆ ಕೂತು ನಗುತ್ತಿರುವ ನನ್ನ ತಮ್ಮ.

"ಈ ಫೋಟೋ ಯಾರ್ದು ಅಂತ ಒಬ್ರಾದ್ರೂ ನೋಡಿದ್ರಾ ಸಾರ್?" ಎಂದೆ.

ರೈಟರ್ ಫೋಟೋ ನೋಡಿದ. ಹಿಂದಿನ ಕೋಣೆಯ ಕಡೆ ನೋಡಿದ. ನನ್ನ ದೂರಿನ ಹಾಳೆ ಹುಡುಕಿ ತೆಗೆದು, ಕೆಳಗಿನ ಸಾಲಿನ ಮೇಲೆ ಬೆರಳಿಟ್ಟ. "ನಂಬರು ಕೊಟ್ಟೋರು ನೀವೇ ಅಲ್ವಾ ಅಕ್ಕ" ಎಂದ, ಮೆಲ್ಲಗೆ. ಅಕ್ಷರ ನನ್ನದೇ. ನಾನು ಬೈಯುವಂಥವರು ಯಾರೂ ಉಳಿಯಲಿಲ್ಲ.

ವರದಿಯನ್ನು ಕೋರ್ಟು ಒಪ್ಪಿ ಕೇಸು ಮುಚ್ಚಿ ಆಗಿತ್ತು. ಮತ್ತೆ ತೆಗೆಸಬೇಕಾದರೆ ಗಾಡಿ ನೋಡಿದವರು ಬೇಕು, ಸದ್ಯಕ್ಕೆ ಒಂದು ಅರ್ಜಿ ಕೊಟ್ಟಿರಿ ಎಂದು ರೈಟರ್ ಬಿಳಿ ಹಾಳೆ ಕೊಟ್ಟ. ನೋಡಿದ ಅಜ್ಜನಿಗೆ ಈಗ ಮಾತಿಲ್ಲ. ಮನೆಗೆ ಹೋಗಿ ತಮ್ಮನ ಹೆಂಡತಿಗೆ ಏನು ಹೇಳುವುದೆಂದು ಯೋಚಿಸುತ್ತಲೇ ಬರೆದೆ. ಹೆಸರು ಬರೆದೆ, ಊರು ಬರೆದೆ. ನಂಬರಿನ ಜಾಗದಲ್ಲಿ ಕೈ ಮತ್ತೆ ಅವನದನ್ನೇ ಬರೆಯತೊಡಗಿತು. ಆರನೇ ಅಂಕಿಗೆ ನಿಲ್ಲಿಸಿ, ಹೊಡೆದುಹಾಕಿ, ಪೆನ್ನು ಹಿಡಿದು ಕೂತೆ. ನನ್ನ ನಂಬರು ಬಾಯಿಪಾಠವಿದ್ದದ್ದು ಅವನೊಬ್ಬನಿಗೇ.