ಪಾಯಸವನ್ನು ಕಂಡುಹಿಡಿದ ಪ್ರೋಗ್ರಾಮು

ತೊಂಬತ್ತರ ದಶಕದ ಶುರುವಿನಲ್ಲಿ ಬೊಂಬಾಯಿಯ ಬೈಕುಲ್ಲಾದ ಒಂದು ಸ್ಕ್ಯಾನ್ ಸೆಂಟರಿನಲ್ಲಿ ನಾನು ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವ ಕೆಲಸಕ್ಕಿದ್ದೆ. ಮೈಸೂರಿನಿಂದ ಬಂದು ಮುಲುಂಡಿನಲ್ಲಿ ಬಾಡಿಗೆಗಿದ್ದವನು. ವಯಸ್ಸು ಇಪ್ಪತ್ತಾರು, ಸೊಕ್ಕು ವಯಸ್ಸಿಗೆ ಮೀರಿದ್ದು. ಹೃದಯದ ಎಡಭಾಗದ ಕೆಳಗಿನ ಕೋಣೆ ಎಷ್ಟು ರಕ್ತ ಹೊರಗೆ ತಳ್ಳುತ್ತದೆ ಎಂದು ತಿಳಿಯಬೇಕಾದರೆ ಎಂಆರ್‌ಐ ಚಿತ್ರದಲ್ಲಿ ಆ ಕೋಣೆಯ ಅಂಚಿಗೆ ಗೆರೆ ಎಳೆಯಬೇಕು. ಒಬ್ಬೊಬ್ಬ ರೋಗಿಗೂ ರಾಶಿ ಚಿತ್ರ. ಅಷ್ಟನ್ನೂ ಕೈಯಿಂದ ಎಳೆಯುತ್ತಿದ್ದವರು ಉಡುಪಿ ಕಡೆಯ ಒಬ್ಬರು ಅಕ್ಕ. ಮೌಸ್ ಹಿಡಿದು, ನಾಲಿಗೆಯ ತುದಿ ಕಚ್ಚಿಕೊಂಡು, ರಂಗೋಲಿ ಇಡುವಷ್ಟು ಶ್ರದ್ಧೆಯಿಂದ ಎಳೆಯುತ್ತಿದ್ದರು. ರೋಗಿಗಳಿಗೆ ಫೋನ್ ಮಾಡಿ ಬರಹೇಳುವುದೂ ಅವರದೇ ಕೆಲಸ.

ಆ ಗೆರೆಯನ್ನು ನನ್ನ ಪ್ರೋಗ್ರಾಮು ತಾನೇ ಎಳೆದುಬಿಟ್ಟರೆ ಅಕ್ಕನ ಅಗತ್ಯವಿಲ್ಲ ಎಂದು ದೊಡ್ಡ ಡಾಕ್ಟರು ಅವರೆದುರಿಗೇ ಹೇಳಿದ್ದರು. "ಆಯ್ತು ಡಾಕ್ಟ್ರೇ" ಎಂದು ಅಕ್ಕ ಗೆರೆ ಎಳೆಯುವುದನ್ನು ಮುಂದುವರಿಸಿದರು. ನನಗೆ ಪಾಪ ಅನ್ನಿಸಿತು, ಸುಳ್ಳೇಕೆ ಹೇಳಲಿ. ಆದರೆ ಪ್ರೋಗ್ರಾಮಿನ ಮೇಲಿನ ಹೆಮ್ಮೆ ಅದಕ್ಕಿಂತ ದೊಡ್ಡದಿತ್ತು.

ನನ್ನ ಉಪಾಯ ಸರಳ. ಚಿತ್ರದಲ್ಲಿ ಎಲ್ಲಕ್ಕಿಂತ ಬೆಳ್ಳಗೆ, ದುಂಡಗೆ ಕಾಣುವುದೇ ರಕ್ತ ತುಂಬಿದ ಕೋಣೆ. ಅಲ್ಲಿಂದ ಹೊರಕ್ಕೆ ಸಾಗಿ ಕಪ್ಪು ಬಂದಲ್ಲಿ ಗೆರೆ ಎಳೆ. ಹಳೆಯ ರೋಗಿಗಳ ಚಿತ್ರಗಳಲ್ಲೆಲ್ಲ ಅದು ಅಕ್ಕನ ಗೆರೆಗೆ ತಾಳೆಯಾಯಿತು.

"ನೋಡಿ ಅಕ್ಕ, ನಿಮಗೆ ಮುಕ್ಕಾಲು ದಿನ, ಇದಕ್ಕೆ ಮುಕ್ಕಾಲು ಗಂಟೆ" ಎಂದೆ. ಹೇಳಬಾರದಿತ್ತು. ಬಾಯಿ ಕೇಳಬೇಕಲ್ಲ!

"ಒಳ್ಳೇದೇ ಆಯ್ತಲ್ಲ ಮಾರಾಯ್ರೇ" ಎಂದರು ಅಕ್ಕ.

ಕೊನೆಯ ಪರೀಕ್ಷೆಗೆ ಡಾಕ್ಟರು ಹೊಸ ಹೃದಯ ಬೇಕೆಂದರು. "ನನ್ನದೇ ತಗೊಳ್ಳಿ ಸರ್" ಎಂದೆ. ಸ್ಕ್ಯಾನ್ ಮಧ್ಯಾಹ್ನ ಎರಡಕ್ಕೆ. ಲೋಕಲ್ ರೈಲಿನಲ್ಲಿ ಜೋತುಬಿದ್ದು ಬಂದಿದ್ದ ನನಗೆ ಹನ್ನೆರಡೂವರೆಗೇ ಹೊಟ್ಟೆ ತಾಳ ಹಾಕುತ್ತಿತ್ತು.

"ಎಂತ ಖಾಲಿ ಹೊಟ್ಟೆಯಲ್ಲಿ ಆ ಗವಿಯೊಳಗೆ ಮಲಗುದು? ತಲೆ ತಿರುಗ್ತದೆ. ಬನ್ನಿ, ಊಟ ಮಾಡುವ" ಎಂದು ಅಕ್ಕ ಎದುರಿನ ಉಡುಪಿ ಹೋಟೆಲಿಗೆ ಕರೆದೊಯ್ದರು. ಅವತ್ತು ಹಾಲುಪಾಯಸವಿತ್ತು. "ಇವರಿಗೆ ಇನ್ನೊಂದು ಹಾಕಿ, ಪರೀಕ್ಷೆ ಉಂಟು" ಎಂದು ಬಡಿಸುವವರಿಗೆ ಹೇಳಿ ಹೇಳಿ ಮೂರು ಬಟ್ಟಲು ತಿನ್ನಿಸಿದರು. ಇಂಥವರ ಕೆಲಸ ಕಿತ್ತುಕೊಳ್ಳುತ್ತಿದ್ದೇನಲ್ಲ ಎಂಬ ಸಂಕಟಕ್ಕೆ ತುತ್ತು ಇಳಿಯಬಾರದಿತ್ತು. ಪಾಯಸ ಮಾತ್ರ ಸಲೀಸಾಗಿ ಇಳಿಯಿತು.

ಸ್ಕ್ಯಾನ್ ಮುಗಿಸಿ ಪ್ರೋಗ್ರಾಮು ಓಡಿಸಿದೆ. ಪರದೆಯ ಮೇಲೆ ಗೆರೆ ಗಂಭೀರವಾಗಿ ಸುತ್ತು ಬಂದು ಕೂಡಿಕೊಂಡಿತು. ಡಾಕ್ಟರು ಬಗ್ಗಿ ನೋಡಿ, "ಅರೇ, ಹ್ಯಾಚಂ ಹೃದಯ ಪೋಟಾತ್ ಆಹೇ!" ಎಂದು ಕೂಗಿದರು. ಇವನ ಹೃದಯ ಹೊಟ್ಟೆಯಲ್ಲಿದೆ ಎಂದು ಮರಾಠಿಯಲ್ಲಿ ಹೇಳಿ, ಕುರ್ಚಿ ಹಿಡಿದುಕೊಂಡು ನಗತೊಡಗಿದರು. ನಿಜ. ಹೃದಯದ ಕೆಳಗೇ ನನ್ನ ಜಠರ, ಪಾಯಸ ತುಂಬಿಕೊಂಡು, ಇಡೀ ಚಿತ್ರದಲ್ಲಿ ಎಲ್ಲಕ್ಕಿಂತ ಬೆಳ್ಳಗೆ, ಎಲ್ಲಕ್ಕಿಂತ ದುಂಡಗೆ ಕೂತಿತ್ತು. ಅದು ಒಂದು ತೊಟ್ಟನ್ನೂ ಹೊರಗೆ ತಳ್ಳುತ್ತಿರಲಿಲ್ಲವಾದ್ದರಿಂದ ಪ್ರೋಗ್ರಾಮಿನ ಪ್ರಕಾರ ನಾನು ಸತ್ತಿದ್ದೆ. ನಾಚಿಕೆಯಿಂದ ಸತ್ತದ್ದಂತೂ ಹೌದು.

ರೋಗಿಗಳೆಲ್ಲ ಖಾಲಿ ಹೊಟ್ಟೆಯಲ್ಲೇ ಬರಬೇಕೆಂಬುದು ನಮ್ಮಲ್ಲಿನ ನಿಯಮ; ನಾನು ರೋಗಿಯಲ್ಲವಲ್ಲ, ಅದು ನೆನಪೇ ಆಗಿರಲಿಲ್ಲ. ತುಂಬಿದ ಹೊಟ್ಟೆಯನ್ನು ನನ್ನ ಪ್ರೋಗ್ರಾಮು ಒಮ್ಮೆಯೂ ಕಂಡಿರಲಿಲ್ಲ. ನಾಳೆ ಯಾರಾದರೂ ತಿಂದು ಬಂದರೆ ಇದೇ ಗತಿ ಎಂದು, ನಗು ತಡೆದುಕೊಂಡು ಡಾಕ್ಟರು ತೀರ್ಮಾನ ಹೇಳಿದರು: ಮೊದಲು ಅಕ್ಕ ಸರಿಯಾದ ಕೋಣೆಯಲ್ಲಿ ಒಂದು ಚುಕ್ಕಿ ಇಡಬೇಕು, ಆಮೇಲೆ ಯಂತ್ರ ಗೆರೆ ಎಳೆಯಬೇಕು, ಎಳೆದದ್ದನ್ನು ಅಕ್ಕ ನೋಡಿ ತಿದ್ದಬೇಕು. ಅಕ್ಕನ ಕೆಲಸ ಉಳಿಯಿತು.

ಸಂಜೆ ಬೈಕುಲ್ಲಾ ಸ್ಟೇಷನ್ನಿಗೆ ಜೊತೆಯಲ್ಲಿ ನಡೆಯುತ್ತಿದ್ದಾಗ ನನ್ನ ಮಂದಬುದ್ಧಿಗೆ ಹೊಳೆಯಿತು.

"ಅಕ್ಕ, ಏನೂ ತಿನ್ನದೆ ಬನ್ನಿ ಅಂತ ರೋಗಿಗಳಿಗೆ ಫೋನಿನಲ್ಲಿ ಹೇಳೋರು ನೀವೇ ಅಲ್ವಾ?"

"ನಾನೇ. ಹಿಂದೆ ಒಬ್ರು ಕೇಳದೆ ಪಾಯಸ ತಿಂದು ಬಂದಿದ್ರು. ಆ ಚಿತ್ರ ಅಳಿಸಿ ಮರುದಿನ ಪುನಃ ತೆಗ್ದದ್ದು. ಆ ಬೆಳ್ಳಗಿನ ಹೊಟ್ಟೆ ನಂಗೆ ಚೆಂದ ನೆನಪುಂಟು."

ಮೈಯೆಲ್ಲ ಉರಿಯಿತು. "ಅದಕ್ಕೆ ಮೂರು ಬಟ್ಟಲು ಬೇಕಿತ್ತಾ? ಒಂದು ಸಾಲ್ತಿರಲಿಲ್ವಾ?"

ಅಕ್ಕ ನಗಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪ್ಲಾಟ್‌ಫಾರಮ್ಮಿನಲ್ಲಿ ಲೇಡೀಸ್ ಡಬ್ಬದ ಕಡೆ ಹೊರಟವರು ತಿರುಗಿ ನಿಂತು, "ಒಂದೇ ಸಾಕು ಅಂತ ಬಿಡ್ಲಿಕ್ಕೆ ಧೈರ್ಯ ಬರ್ಲಿಲ್ಲ ಮಾರಾಯ್ರೇ" ಎಂದರು. "ನಂಗೆ ಇದ್ದದ್ದು ಅದೊಂದೇ ಕೆಲಸ."