ಬೋರ್ಡಿನ್ಯಾಗ ಏನದ?

೧೯೯೪ರಲ್ಲಿ, ಏಳನೆಯ ಇಯತ್ತೆಗೆ, ನಾನು ಶಾಲೆ ಬಿಟ್ಟೆ. ಅದಾದ ಮೇಲೆ ಕಲಿಸುವವರೊಬ್ಬರು ನನ್ನ ಕೈ ಹಿಡಿದದ್ದು ಪುಣೆಯ ಧನಕವಡಿಯ ಒಂದು ಕೋಣೆಯಲ್ಲಿ, ಅದೂ ನನಗೆ ನಲವತ್ತು ದಾಟಿದ ಮೇಲೆ. ತಣ್ಣಗಿನ, ತೆಳ್ಳಗಿನ ಬೆರಳುಗಳು. ಬಲಗೈ ತೋರುಬೆರಳಿನ ತುದಿ ಮಾತ್ರ ಹೊಳೆಯ ಕಲ್ಲಿನ ಹಾಗೆ ಸವೆದು ನುಣ್ಣಗಾಗಿತ್ತು. ನನ್ನ ಉಗುರಿನ ಸುತ್ತ ಒಣಗಿ ಕೂತಿದ್ದ ಬಣ್ಣದ ಮೇಲೆ ಆ ತುದಿ ಒಮ್ಮೆ ಓಡಾಡಿತು.

"ಪೇಂಟರ್ ಏನ್ರಿ?"

"ಬೋರ್ಡ್ ಬರಿತೀನ್ರಿ. ಗ್ವಾಡಿ ಬಳಿಯಾಂವ ಅಲ್ಲ," ಎಂದೆ. ಆ ವ್ಯತ್ಯಾಸ ಹೇಳದೆ ನಾನು ಯಾರನ್ನೂ ಮುಂದಕ್ಕೆ ಹೋಗಗೊಟ್ಟವನಲ್ಲ.

"ಹಂಗಾದ್ರ ಕೈ ನಡಗೂದಿಲ್ಲ. ಬರ್ರಿ. ಮೊದಲ ಆ ಮೌಸ್ ಕಿತ್ತು ಡಬ್ಬಿಗೆ ಹಾಕ್ರಿ."

ಬಾಗಿಲ ಪಕ್ಕ ಹಿಟ್ಟಿನ ಸ್ಟೀಲ್ ಡಬ್ಬಿ ಇತ್ತು. ಬಂದವರೆಲ್ಲ ಕಂಪ್ಯೂಟರಿನ ಮೌಸ್ ಕಿತ್ತು ಅದರೊಳಗೆ ಹಾಕಬೇಕು. ಮುಂದಿನ ಕೆಲಸವೆಲ್ಲ ಕೀಲಿಮಣೆಯಲ್ಲೇ. ಕಣ್ಣು ಕಾಣದವರು, ಕೈ ನಡುಗುವವರು ಹೇಗೆ ಕೆಲಸ ಮಾಡುತ್ತಾರೋ ಹಾಗೆ.

ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತೇವೆ. ನಾನು ಹಾಗೇ ಕರೆದೆ. ಮರಾಠಿ ಹುಡುಗರೂ ಅದೇ ಅವರ ಹೆಸರೆಂದುಕೊಂಡು ಅಕ್ಕೋರು, ಅಕ್ಕೋರು ಎನ್ನತೊಡಗಿದರು. ಅವರು ವಿಜಯಪುರದ ಕಡೆಯವರು, ಹುಟ್ಟು ಕುರುಡರು. ಪುಣೆಯ ಒಂದು ಆಫೀಸಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾದವರು. ಎಲ್ಲರೂ ಬಳಸಬಲ್ಲ ವೆಬ್‌ಸೈಟ್ ಕಟ್ಟುವುದು ಹೇಗೆಂದು ಹೊಸಬರಿಗೆ ರವಿವಾರ ರವಿವಾರ ಕಲಿಸುತ್ತಿದ್ದರು. ಅವರ ಕಂಪ್ಯೂಟರಿನ ಪರದೆಯ ಮೇಲೆ ಸದಾ ಕಸೂತಿ ಬಟ್ಟೆ ಮುಚ್ಚಿರುತ್ತಿತ್ತು. "ನಮಗ್ಯಾಕ ಅದರ ಬೆಳಕು, ಸುಮ್ನ ಕರೆಂಟ್ ಖರ್ಚು" ಎನ್ನುವರು. ಪರದೆಯ ಮೇಲಿನದನ್ನು ಓದಿ ಹೇಳುವ ಸಾಫ್ಟ್‌ವೇರಿನ ದನಿ, ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಪಟಪಟ ಮಾತಾಡುತ್ತಿತ್ತು. ನಮಗೆ ಒಂದಕ್ಷರ ತಿಳಿಯುತ್ತಿರಲಿಲ್ಲ, ಅವರು ಅದರ ನಡುವೆಯೇ ಚಹಾ ಸೋಸುತ್ತಿದ್ದರು.

"ಬಾಗಲಾ ಎಲ್ಲೆದ ಅಂತ ಹೇಳದ ಯಾರನ್ನೂ ಮನಿಗೆ ಕರೀಬ್ಯಾಡ್ರಿ." ಇದು ಅವರ ಮಾತು. ಪ್ರತಿ ಕ್ಲಾಸಿನಲ್ಲಿ ಒಮ್ಮೆಯಾದರೂ ಬರುತ್ತಿತ್ತು.

ನಾನು ಅಲ್ಲಿಗೆ ಹೋದದ್ದು ಹೊಟ್ಟೆಪಾಡಿಗಾಗಿ. ಫ್ಲೆಕ್ಸ್ ಬಂದು ಕೈಬರಹದ ಬೋರ್ಡು ಕೇಳುವವರು ಇಲ್ಲವಾಗಿದ್ದರು. ನಾನೇ ಬೋರ್ಡು ಬರೆದುಕೊಟ್ಟಿದ್ದ ಒಂದು ಖಾನಾವಳಿಯವರು, "ಈಗ ವೆಬ್‌ಸೈಟ್ ಮಾಡಿಕೊಡ್ತಿಯೇನು?" ಎಂದಾಗ, ಬಾರದು ಎನ್ನಲು ಬಾಯಿ ಬರಲಿಲ್ಲ. ಅಕ್ಕೋರ ಕ್ಲಾಸಿನಲ್ಲಿ ಮಾರ್ಕ್ಸ್ ಕಾರ್ಡು ಕೇಳುವುದಿಲ್ಲವೆಂದು ಖಾತ್ರಿ ಮಾಡಿಕೊಂಡೇ ಹೋದೆ. ಆದರೂ ಮೊದಲ ದಿನವೇ, ಹಿಂಜವಾಡಿಯ ಐಟಿ ಕಂಪನಿಯಲ್ಲಿ ಕೆಲಸ ಮಾಡುವ ಬೆಂಗಳೂರಿನ ತರುಣನೊಬ್ಬ ಕೇಳಿಬಿಟ್ಟ: "ಅಂಕಲ್, ನೀವು ಡಿಗ್ರಿ ಏನ್ ಮಾಡಿದೀರಾ?"

"ಬಿ.ಕಾಂ.," ಎಂದೆ. ಇಡೀ ಕೋಣೆಯಲ್ಲಿ ಎಲ್ಲರಿಗಿಂತ ಹಿರಿಯ ವಿದ್ಯಾರ್ಥಿ ನಾನು. ಅವರೆಲ್ಲರ ಸಮಕ್ಕೆ ತಲೆಯೆತ್ತಿ ಕೂರಬೇಕೆನ್ನುವುದೊಂದೇ ನನಗೆ ಬೇಕಿದ್ದದ್ದು.

ಅಕ್ಕೋರ ಪರೀಕ್ಷೆಯ ಪದ್ಧತಿ ಬೇರೆ ಥರ. ವಿದ್ಯಾರ್ಥಿ ಕಟ್ಟಿದ ವೆಬ್‌ಸೈಟು ಏನು ಮಾಡಿಕೊಡುತ್ತೇನೆ ಎನ್ನುತ್ತದೋ ಅದನ್ನು ಅವರು ಯಾರ ಸಹಾಯವೂ ಇಲ್ಲದೆ ಮಾಡಿ ನೋಡುತ್ತಿದ್ದರು. ಸಾಧ್ಯವಾದರೆ ಪಾಸು, ಇಲ್ಲದಿದ್ದರೆ ಇಲ್ಲ. ನನ್ನದು ಖಾನಾವಳಿಯದು. ಆದ್ದರಿಂದ ನನ್ನ ಪರೀಕ್ಷೆಯ ರವಿವಾರ ಯಾರೂ ಊಟದ ಡಬ್ಬಿ ತರಬಾರದು, ಅಕ್ಕೋರು ನನ್ನ ಸೈಟಿನಿಂದ ತರಿಸಿದ್ದನ್ನೇ ಎಲ್ಲರೂ ಉಣ್ಣುವುದು ಎಂದಾಯಿತು.

ಅದಕ್ಕಾಗಿ ನಾನು ಹದಿನೈದು ದಿನ ದುಡಿದಿದ್ದೆ. ಖಾನಾವಳಿಯ ಹೆಸರು, ವಾರದ ಊಟದ ಪಟ್ಟಿ, ಫೋನ್ ನಂಬರು, ಎಲ್ಲವನ್ನೂ ಪ್ಲೈವುಡ್ಡಿನ ಮೇಲೆ ನನ್ನ ಕೈಯಾರೆ ಬರೆದು, ನೆರಳು ಕೊಟ್ಟು, ಅಂಚಿಗೆ ಬಂಗಾರದ ಗೆರೆ ಎಳೆದು, ಫೋಟೋ ತೆಗೆದು ಸೈಟಿಗೆ ಏರಿಸಿದ್ದೆ. ಟೈಪು ಮಾಡಿದ ಅಕ್ಷರ ಒಂದೂ ಇರಲಿಲ್ಲ. ಅಂಥ ಸತ್ತ ಅಕ್ಷರ ನಾನು ಬಳಸುವವನೇ ಅಲ್ಲ!

ಅಕ್ಕೋರು ಕೀಲಿ ಒತ್ತಿದರು. ದನಿ ಅಂದಿತು: "ಗ್ರಾಫಿಕ್." ಮತ್ತೆ ಒತ್ತಿದರು. "ಗ್ರಾಫಿಕ್." ಚಿತ್ರ ಎದುರಾದಾಗ ಅದು ಹೇಳುವ ಮಾತು ಅದೊಂದೇ. ಮೇಲಿನಿಂದ ಕೆಳಗಿನವರೆಗೂ ಹೋದರು. ಗ್ರಾಫಿಕ್, ಗ್ರಾಫಿಕ್, ಗ್ರಾಫಿಕ್. ಗಂಟೆ ಒಂದೂವರೆ ಆಗಿತ್ತು.

"ಅಂಕಲ್, ಹೊಟ್ಟೆ ಚುರುಗುಡ್ತಿದೆ. ಇವತ್ತು ಊಟಕ್ಕೆ ಗ್ರಾಫಿಕ್ಕೇನಾ?" ಎಂದ ಬೆಂಗಳೂರಿನವನು. ಎಲ್ಲರೂ ನಕ್ಕರು. ಅಕ್ಕೋರೂ ನಕ್ಕರು. ನಾನು ಚಪ್ಪಲಿ ಮೆಟ್ಟಿಕೊಂಡು ಇಳಿದುಬಿಟ್ಟೆ. ಜೀವಮಾನದಲ್ಲಿ ನಾನು ಚೆನ್ನಾಗಿ ಕಲಿತದ್ದು ಒಂದೇ, ಅದನ್ನೇ ಆ ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೂರು ರವಿವಾರ ಹೋಗಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬನೇ ಇರುತ್ತಿದ್ದವನು ನಾನು. ಮದುವೆ ಆಗಲಿಲ್ಲ. ರವಿವಾರ ಬಂದರೆ ನನ್ನ ಹೆಸರು ಹಿಡಿದು ಕರೆಯುವವರು ಒಬ್ಬರೂ ಇರುತ್ತಿರಲಿಲ್ಲ ಎನ್ನುವುದು ಆ ಮೂರು ವಾರದಲ್ಲಿ ಮತ್ತೆ ನೆನಪಾಯಿತು.

ನಾಲ್ಕನೆಯ ವಾರ ಅಂಗಡಿಯ ಮುಂದೆ ರಿಕ್ಷಾ ನಿಂತಿತು. ಬಿಳಿ ಕೋಲು ಮೊದಲು ಇಳಿಯಿತು, ಆಮೇಲೆ ಅಕ್ಕೋರು.

"ಟರ್ಪಂಟೈನ್ ವಾಸನಿ ಬಂದಲ್ಲೆ ನಿಲ್ಸು ಅಂದಿದ್ದೆ ರಿಕ್ಷಾದಾಂವಗ. ನಿನ್ನ ಬೋರ್ಡ್ ಭಾಳ ಚಂದ ಅಂತ ಎಲ್ಲಾರೂ ಹೇಳಿದ್ರು. ನನಗ ಒಬ್ರೂ ತೋರಿಸಲಿಲ್ಲ. ಎಲ್ಲೆದ?"

ಪ್ಲೈವುಡ್ಡನ್ನು ಮುಂದಿಟ್ಟೆ. ಆ ಸವೆದ ಬೆರಳು ಅದರ ಮೇಲೆ ಮೂಲೆಯಿಂದ ಮೂಲೆಗೆ ನಡೆಯಿತು. ಗಾಜಿನಷ್ಟು ನಯವಾಗಿ ಬರೆಯುವುದೇ ನನ್ನ ಹೆಮ್ಮೆ. ಬೆರಳಿಗೆ ಏನೂ ಸಿಗಲಿಲ್ಲ.

"ಬೋರ್ಡಿನ್ಯಾಗ ಏನದ?"

"ಹಳದಿ ನೆಲರಿ, ಅದರ ಮ್ಯಾಲ ಕೆಂಪು ಅಕ್ಷರ, ಬಲಕ್ಕ ನೆರಳು..."

"ಬಣ್ಣ ಬಿಡಪಾ ತಮ್ಮಾ. ಹಸದಾಂವ ಬಂದು ನಿಂತಾನ. ಏನದ?"

"ರವಿವಾರ ಹೋಳಿಗಿ, ಕಟ್ಟಿನ ಸಾರು."

"ಆತಲ್ಲ! ಚಿತ್ರ ತಗೀಬ್ಯಾಡ. ಸೈಟಿನ್ಯಾಗ ಅದರ ಬೆನ್ನಿಗೆ ಈ ಮಾತು ಟೈಪ್ ಮಾಡಿಡು. ಕಣ್ಣಿದ್ದವ್ರು ನೋಡ್ಲಿ, ಕಾಣದವ್ರು ಕೇಳ್ಲಿ." ಸ್ಟೂಲಿನ ಮೇಲೆ ಕೂತು ಕೋಲು ಮಡಚಿಕೊಂಡರು. "ಮತ್ತ, ಬಿ.ಕಾಂ. ಅಂದಿದ್ಯಲ್ಲ, ಅದು ಖರೇನಾ?"

ನಾನು ಕುಂಚ ಎತ್ತಿಕೊಂಡು ಬಟ್ಟೆಯಿಂದ ಒರೆಸತೊಡಗಿದೆ.

"ಬಿ.ಕಾಂ. ಕಲತಾಂವ ಒಂದು ಪರೀಕ್ಷಾಕ್ಕ ಓಡಿ ಹೋಗೂದಿಲ್ಲ ತಮ್ಮಾ. ನಪಾಸಾಗಿ ನಪಾಸಾಗಿ ಅವಗ ರೂಢಿ ಆಗಿರತದ."

"ಏಳನೇ ಇಯತ್ತೆರಿ," ಎಂದೆ. ಪುಣೆಗೆ ಬಂದು ಇಪ್ಪತ್ತೈದು ವರ್ಷದ ಮೇಲಾಗಿತ್ತು, ಇಲ್ಲಿ ಆ ಮಾತನ್ನು ನಾನು ಗಟ್ಟಿಯಾಗಿ ಆಡಿದ್ದು ಅದೇ ಮೊದಲು.

"ನಡೀತದ. ಚಹಾ ಕುಡಸ್ತಿಯೋ, ಅದಕ್ಕೂ ಡಿಗ್ರಿ ಬೇಕೋ?"

ಮುಂದಿನ ರವಿವಾರ ದನಿ ಓದಿತು, ತನ್ನ ಒಡಕು ಕನ್ನಡದಲ್ಲಿ: ರವಿವಾರ ಹೋಳಿಗೆ, ಕಟ್ಟಿನ ಸಾರು. ಫೋನ್ ನಂಬರು ಓದಿತು. ಅಕ್ಕೋರು ಹಳೆಯ ಆಪರೇಟರ್ ಗತ್ತಿನಲ್ಲಿ ಫೋನ್ ಮಾಡಿ, "ಏಳು ತಾಟ, ತುಪ್ಪದಾಗ ಜುಗ್ಗತನಾ ಮಾಡಬ್ಯಾಡ್ರಿ," ಎಂದರು. ಊಟ ಬಂತು. ಬೆಂಗಳೂರಿನವನು ಎರಡನೆಯ ಹೋಳಿಗೆಗೆ ಕೈ ಹಾಕುತ್ತ, "ಸೂಪರ್ ಅಂಕಲ್! ಬಿ.ಕಾಂ. ಅಂದ್ರೆ ಸುಮ್ನೇನಾ?" ಎಂದ.

"ಬಿ.ಕಾಂ. ಅಲ್ಲಪಾ. ಏಳನೇ ಇಯತ್ತೆ," ಎಂದೆ. ಯಾರೂ ನಗಲಿಲ್ಲ. ಅವನು ತುಪ್ಪದ ಬಟ್ಟಲನ್ನು ನನ್ನ ಕಡೆ ಸರಿಸಿದ.

ಆಮೇಲೆ ಕ್ಲಾಸು ಮುಗಿದರೂ ನಾನು ಉಳಿಯುತ್ತಿದ್ದೆ. ಉಳಿದವರಿಗೆಲ್ಲ ಮನೆಗೆ ಹೋಗುವ ಅವಸರ, ನಮ್ಮಿಬ್ಬರಿಗೆ ಇರಲಿಲ್ಲ. ಅಡಿಗೆ ಮಾಡುವಾಗಲೂ ಅವರು ಆ ದನಿಗೆ ಪತ್ರಿಕೆ ಓದಲು ಹಚ್ಚಿರುತ್ತಿದ್ದರು. "ಕೇಳಲಿಕ್ಕಲ್ಲ ತಮ್ಮಾ. ಮನ್ಯಾಗ ಒಂದು ದನಿ ಇರ್ಲಿ ಅಂತ."

ಒಮ್ಮೆ ಕೇಳಿದರು, "ಅಲ್ಲೋ, ಅ ಹೆಂಗಿರತದ?" ಬ್ರೈಲಿನ ಚುಕ್ಕೆಗಳಲ್ಲಿ ಅಷ್ಟೊಂದು ಓದಿದ್ದವರು ನಮ್ಮ ಅಕ್ಷರದ ಆಕಾರವನ್ನು ಕಂಡೇ ಇರಲಿಲ್ಲ. ಮುಂದಿನ ವಾರ ಪ್ಲೈವುಡ್ಡಿನಲ್ಲಿ ಅಂಗೈಯಗಲದ ಅ ಕೊರೆದು, ಅಂಚು ಉಜ್ಜಿ ಒಯ್ದೆ. ಬೆರಳು ಅದರ ಸುತ್ತ ಎರಡು ಸಲ ಹೋಗಿ ಬಂತು.

"ಅಯ್ಯ ಶಿವನ! ಇಷ್ಟು ಸುತ್ತಾಡತದೇನು? ನಮ್ಮದ್ರಾಗ ಒಂದ ಚುಕ್ಕಿ ನೋಡು."

ಅಲ್ಲಿಂದ ವಾರಕ್ಕೊಂದು ಅಕ್ಷರ, ಅಂ ಅಃ ಬಿಟ್ಟು. ಅವರು ನನಗೆ ಕಲಿಸುವರು, ನಾನು ಅವರಿಗೆ. ಳ, ಣ ಯಾವಾಗ ಕೊಡುತ್ತಿ ಎಂದು ಮಗುವಿನ ಹಾಗೆ ಗಡಿಬಿಡಿ ಮಾಡುವರು. ವರ್ಣಮಾಲೆಯ ಸಾಲು ತಪ್ಪಿಸಿ ಕೊಡುವುದಿಲ್ಲ ಎಂದು ನಾನು ಮಾಸ್ತರನ ಹಾಗೆ ಬಿಗಿ ಹಿಡಿಯುವೆ.

ಯ ಕೊಟ್ಟ ಮರು ರವಿವಾರ ಹೋದಾಗ ಬಾಗಿಲಿಗೆ ಬೀಗ. ಕೆಳಗಿನ ಕಿರಾಣಿ ಅಂಗಡಿಯವನು ಗಲ್ಲಾ ಬಿಟ್ಟು ಎದ್ದು ಬಂದು, "ಬಾಯಿ ಗೇಲ್ಯಾ," ಎಂದ. ಅಕ್ಕೋರು ಹೋದರು ಅಂತ. ಗುರುವಾರ, ನಿದ್ದೆಯಲ್ಲೇ. ಸೊಲ್ಲಾಪುರದಿಂದ ಅವರ ತಂಗಿಯ ಮಗಳು ಬಂದು ಎಲ್ಲ ಮುಗಿಸಿದ್ದಳು. ನನ್ನ ಜೇಬಿನಲ್ಲಿ ರ ಇತ್ತು. ಉಜ್ಜಿದ ಅದರ ಅಂಚು ಇನ್ನೂ ಬಿಸಿಯಾಗಿದೆ ಅನಿಸಿತು.

ತಿಂಗಳಾದ ಮೇಲೆ ಆ ಹುಡುಗಿ ಕಿರಾಣಿಯವನನ್ನು ಕೇಳಿಕೊಂಡು ನನ್ನ ಅಂಗಡಿಗೆ ಹಿಟ್ಟಿನ ಡಬ್ಬಿ ತಂದುಕೊಟ್ಟಳು. "ಈ ಕಟಗಿ ತುಂಡು ಯಾರವು ಅಂತ ತಿಳೀಲಿಲ್ರಿ. ಮೌಶಿ ದಿಂಬಿನ ಬಾಜೂಕ ಇಟ್ಕೊಂಡಿದ್ಳು."

ಈಗ ರವಿವಾರ ನಾನು ಅಂಗಡಿಯಲ್ಲೇ ಇರುತ್ತೇನೆ. ಕೆಲಸ ಮಾಡುವಾಗ ಕಂಪ್ಯೂಟರಿಗೆ ಏನಾದರೂ ಓದಲು ಹಚ್ಚಿರುತ್ತೇನೆ.

ನನ್ನ ಹತ್ತಿರ ಈಗ ಇರುವುದು ಇಷ್ಟು: ಒಂದು ಅಂಗಡಿ, ಹಿಂದೆ ಒಂದು ಕೋಣೆ. ಒಂದು ಏಣಿ. ಹನ್ನೊಂದು ಕುಂಚ. ಎಲ್ಲರಿಗೂ ಬಾಗಿಲು ತೋರಿಸುವ ಒಂಬತ್ತು ವೆಬ್‌ಸೈಟು, ನಾನೇ ಕಟ್ಟಿದವು. ಒಂದು ಹಿಟ್ಟಿನ ಡಬ್ಬಿ, ಅದರಲ್ಲಿ ಆರು ಮೌಸ್. ಅವರು ಮುಟ್ಟಿದ ಅಕ್ಷರ ಮೂವತ್ತೊಂಬತ್ತು. ಮುಟ್ಟದ್ದು ಒಂದು.