ಬಿಡುಗಡೆಯಾದ ಮಾವ ಮತ್ತೆ ಜೈಲಿಗೆ ಹೊರಟದ್ದು

ಸೋದರಮಾವನಿಗೆ ಎರಡನೆಯ ಸಲ ಶಿಕ್ಷೆ ಹೇಳುವ ದಿನ ನಾನು ಹೊಸೂರಿನ ಕಾರ್ಖಾನೆಗೆ ರಜೆ ಹಾಕಿ, ಅತ್ತೆಯ ಜೊತೆ ಕೃಷ್ಣಗಿರಿ ಕೋರ್ಟಿಗೆ ಹೋಗಿದ್ದೆ.

ಜವಳಗಿರಿ ಪಕ್ಕದ, ಕಾಡಂಚಿನ ನಮ್ಮೂರಲ್ಲಿ ಮಾವನ ರಾಗಿ ಹೊಲಕ್ಕೆ ದಾಯಾದಿಯ ಎತ್ತು ನುಗ್ಗಿತ್ತು. ಮಾತಿಗೆ ಮಾತು ಬೆಳೆದು ಮಾವ ದೊಣ್ಣೆ ಬೀಸಿದ. ತಲೆಗೆ ಬೀಳಬೇಕಿದ್ದ ಏಟಿಗೆ ದಾಯಾದಿ ಕೈ ಅಡ್ಡ ಕೊಟ್ಟ, ಮೂಳೆ ಮುರಿಯಿತು. ಕೊಲೆಯತ್ನವೆಂದು ಏಳು ವರ್ಷ ಶಿಕ್ಷೆಯಾಗಿ ಮಾವ ಸೇಲಂ ಜೈಲು ಸೇರಿದ. ಮೇಲ್ಮನವಿ ಕೇಳಿದ ಹೈಕೋರ್ಟು, ಕೊಲ್ಲುವ ಉದ್ದೇಶವಿರಲಿಲ್ಲ, ಇದು ಕೈ ಮುರಿದ ಅಪರಾಧ ಮಾತ್ರ ಎಂದಿತು. ಅದಕ್ಕೆ ತಕ್ಕ ಶಿಕ್ಷೆಯನ್ನು ಹೊಸದಾಗಿ ಗೊತ್ತುಮಾಡಲು ಕೃಷ್ಣಗಿರಿಗೇ ವಾಪಸ್ಸು ಕಳಿಸಿತು. ಅಷ್ಟರಲ್ಲಿ ಮಾವ ಒಳಗೆ ಎರಡು ವರ್ಷ ಕಳೆದಿದ್ದ.

ಕೋರ್ಟಿನಲ್ಲಿ ದಾಯಾದಿಯೂ ಬಂದು ಕೂತಿದ್ದ. ಅವನನ್ನು ನೋಡಿ ಅತ್ತೆಯ ಮುಖ ಬಿಳುಚಿತು. ನ್ಯಾಯಾಧೀಶರು ಅವನನ್ನು ಕರೆದು, ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಅವನು ತಮಿಳಿನಲ್ಲಿ ಶುರುಮಾಡಿ, ಗಾಬರಿಯಲ್ಲಿ ಕನ್ನಡಕ್ಕೆ ಜಾರಿದ.

"ಕೈ ಕೂಡ್ಕೊಂಡೈತೆ ಸಾಮಿ. ಇವ್ನನ್ನ ಬಿಟ್ಬುಡಿ. ರಾತ್ರಿ ರಾಗಿಗೆ ಆನೆ ಬಂದ್ರೆ ಆ ಮೂಲೇಲಿ ನಾನೊಬ್ನೇ ಕೂಗ್ಕೊಬೇಕು. ಇವ್ನ ಗಂಟ್ಲಿದ್ರೆ ಆನೆ ನಿಲ್ಲಾಕಿಲ್ಲ."

ಹೊಸೂರು ಕಡೆಯ ಗುಮಾಸ್ತರು ಅದನ್ನು ಗಂಭೀರವಾಗಿ ತಮಿಳಿಗೆ ತಿರುಗಿಸಿದರು. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಮಾವನಿಗೂ ಅದನ್ನೇ ಕೇಳಿದರು. ವಕೀಲರು ಕಲಿಸಿದ್ದನ್ನೆಲ್ಲ ಮರೆತು ಮಾವ ಒಂದೇ ಮಾತು ಹೇಳಿದ: "ಒಡ್ದಿದ್ದು ತಪ್ಪು ಸಾಮಿ."

ಅನುಭವಿಸಿದ ಶಿಕ್ಷೆಯೇ ಸಾಕು ಎಂದು ಆದೇಶವಾಯಿತು. ಅತ್ತೆಗೆ ಬಿಕ್ಕಳಿಕೆ ಹತ್ತಿತು. ನಾನು ನೀರು ಕೊಡಹೋಗಿ ವಕೀಲರ ಕೋಟಿನ ಮೇಲೆ ಚೆಲ್ಲಿದೆ. ಅವರೂ ನಕ್ಕುಬಿಟ್ಟರು.

ಮಾವನನ್ನು ಮಾತ್ರ ಪೊಲೀಸರು ಮತ್ತೆ ವ್ಯಾನಿಗೆ ಹತ್ತಿಸಿದರು. ಆದೇಶ ಸೇಲಂ ತಲುಪಿ, ಅಲ್ಲಿ ಹೆಸರು ತೆಗೆದ ಮೇಲೆಯೇ ಬಿಡುವುದಂತೆ.

"ಬುಟ್ಬುಟ್ಟವ್ರೆ ಅಂದ್ರಲ್ಲ, ಯಾಕ್ ಕರ್ಕೊಂಡೋಯ್ತಾ ಅವ್ರೆ?" ಅತ್ತೆ ಕೇಳಿದಳು.

"ಬುಡಾಕೇ ಕರ್ಕೊಂಡೋಯ್ತಾ ಅವ್ರೆ ಕಣತ್ತೆ," ಎಂದೆ. ಹೇಳುತ್ತಲೇ ನನಗೆ ನಗು ತಡೆಯಲಾಗಲಿಲ್ಲ.

ಬಾಡಿಗೆ ಕಾರಿನಲ್ಲಿ ನಾವು ವ್ಯಾನಿನ ಹಿಂದೆ ಹೊರಟೆವು. ನಾನು ಕರೆಯದಿದ್ದರೂ ದಾಯಾದಿ ಮುಂದಿನ ಸೀಟಿನಲ್ಲಿ ಕೂತಿದ್ದ. ಅತ್ತೆ ಬಾಯಿ ಬಿಗಿದು ಅವನ ಬೆನ್ನನ್ನೇ ನೋಡುತ್ತಿದ್ದಳು. ಧರ್ಮಪುರಿ ದಾಟಿದ ಮೇಲೆ ವ್ಯಾನಿನ ಜಾಲರಿಯಿಂದ ಮಾವನ ಕೈ ಕಾಣಿಸಿತು. ತಾನೇ ವ್ಯಾನು ಓಡಿಸುತ್ತಿರುವಂತೆ, ಹಿಂದಿಕ್ಕಿ ಹೋಗು ಎಂದು ನಮ್ಮ ಡ್ರೈವರ್‌ಗೆ ಬೀಸುತ್ತಿದ್ದ. ಅತ್ತೆ ಅದನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ದಾಯಾದಿಯೂ ನಕ್ಕ.

ಸಂಜೆ ಮಾವ ಒಂದು ಚೀಲ ಹಿಡಿದು ಗೇಟಿನಿಂದ ಹೊರಬಂದ. ದಾಯಾದಿ ಚೀಲ ಈಸಿಕೊಂಡ.

"ನೀನ್ಯಾಕ್ಲಾ ಬಂದೆ?" ಮಾವ ಕೇಳಿದ.

"ಬ್ಯಾಡ್ವಾದ್ರೆ ಹೋಯ್ತೀನಿ ತಗಳಪ್ಪ."

"ಬಾರ್ಲಾ ಸುಮ್ಕೆ."

ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತರು. ತೊಪ್ಪೂರು ಘಾಟಿ ಹತ್ತುವಷ್ಟರಲ್ಲಿ, ಯಾವ ಪಟಾಕಿಗೆ ಆನೆ ಹೆದರುತ್ತದೆ ಎಂದು ಜಗಳ ಶುರುವಾಗಿ ಕಾರು ತುಂಬ ಗದ್ದಲವಾಯಿತು. ಅತ್ತೆ ಡ್ರೈವರ್ ಭುಜ ತಟ್ಟಿದಳು.

"ಗಾಡಿ ತಿರ್ಗಿಸಪ್ಪ. ಇಬ್ರನ್ನೂ ಒಳಿಕ್ ಬುಟ್ಬರಾಣ."